ಎಫ್ರಾಯಿಮ್ ಹಾಕಿದ ಗಂಟು

ನನ್ನ ಬಾವ ಇಸಿಕೇಲಿ ಒಬ್ಬನೇ ನಡೆಯುವಾಗಲೂ ದಾರಿ ಬಿಡುತ್ತಿದ್ದ. ನಮ್ಮೂರು ನಾವೊಸಾದಿಂದ ಕೆಸುವಿನ ಗದ್ದೆಗೆ ಹೋಗುವ ಕಾಲುದಾರಿ ಒಬ್ಬರು ಹಿಡಿಸುವಷ್ಟೇ ಅಗಲ. ಇನ್ನೂರು ಮುನ್ನೂರು ಹೆಜ್ಜೆಗೊಮ್ಮೆ ಅವನು ನಿಂತು, ಹುಲ್ಲಿನ ಕಡೆಗೆ ಒಂದು ಹೆಜ್ಜೆ ಸರಿದು, ಹಿಂದಿನಿಂದ ಬರುವವರು ಮುಂದೆ ಹೋಗಲಿ ಎಂಬಂತೆ ಕಾಯುತ್ತಿದ್ದ. ಹಿಂದೆ ಯಾರೂ ಇರುತ್ತಿರಲಿಲ್ಲ. ಎರಡು ಮೂರು ಉಸಿರಿನಷ್ಟು ಹೊತ್ತು ನಿಂತು ಮತ್ತೆ ನಡೆಯುತ್ತಿದ್ದ.

"ಯಾರಿಗೋ ಬಾವ ದಾರಿ ಬಿಡ್ತಿರೋದು? ನಿನ್ನ ಹೊಟ್ಟೆಗಾ?" ಎಂದು ನಾನು ಛೇಡಿಸುತ್ತಿದ್ದೆ. "ಅದು ಆಗ್ಲೇ ನಿನಗಿಂತ ಎರಡಡಿ ಮುಂದೆ ಹೋಗ್ತಿದೆಯಲ್ಲ."

ಫಿಜಿಯಲ್ಲಿ ಬಾವಂದಿರು ಒಬ್ಬರಿಗೊಬ್ಬರು ಏನು ಬೇಕಾದರೂ ಅನ್ನಬಹುದು. ಅನ್ನದೆ ಇದ್ದರೆ ಅವರಿಬ್ಬರ ನಡುವೆ ಏನೋ ಕೆಟ್ಟಿದೆ ಎಂದೇ ಅರ್ಥ. ಮೊದಲಾಗಿದ್ದರೆ ಇಸಿಕೇಲಿ ನನ್ನ ಒಂದು ಮಾತಿಗೆ ಎರಡು ಕೊಡುತ್ತಿದ್ದ. ನನ್ನ ಬೋಳು ತಲೆ, ನಾನು ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ರಸಾಯನಶಾಸ್ತ್ರ, ನನ್ನ ಹೆಂಡತಿಯ ಅಡುಗೆ, ಯಾವುದನ್ನೂ ಬಿಡುತ್ತಿರಲಿಲ್ಲ. ವನುವಾಟುವಿಗೆ ಹೋಗಿ ಬಂದ ಮೇಲೆ ಸುಮ್ಮನೆ ನಕ್ಕು ಮುಂದಕ್ಕೆ ಹೋಗುತ್ತಿದ್ದ. ಮೂರು ವರ್ಷ ಹೀಗೇ ಇದ್ದ.

ಅವನು ದೋಣಿ ಕಟ್ಟುವವನು. ನನ್ನ ತಂಗಿ ಅಲುಮಿತಾಳ ಗಂಡ. ಪಾದ್ರಿಯಲ್ಲ, ಆದರೆ ಹತ್ತೊಂಬತ್ತು ವರ್ಷ ನಮ್ಮ ಕ್ರೈಸ್ತ ಸಭೆಯ ಉಪದೇಶಕನಾಗಿದ್ದ. ಯಾವ ಭಾನುವಾರ ಯಾವ ಊರಿನ ಗುಡಿಯಲ್ಲಿ ಯಾರು ಉಪದೇಶ ಮಾಡಬೇಕು ಎಂಬ ಪಟ್ಟಿ ಮೂರು ತಿಂಗಳಿಗೊಮ್ಮೆ ಅಚ್ಚಾಗಿ ಬರುತ್ತದೆ. ಅವನು ಅದನ್ನು ಬಾಗಿಲ ಹಿಂದೆ ಅಂಟಿಸಿ, ತನ್ನ ಹೆಸರಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದ. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿಸಲಿಲ್ಲ. ಚಂಡಮಾರುತ ಗುಡಿಯ ಮಾಡು ಹಾರಿಸಿಕೊಂಡು ಹೋದ ವಾರವೂ ಟಾರ್ಪಾಲಿನ ಕೆಳಗೆ ಹನ್ನೊಂದು ಜನರಿಗೆ ಉಪದೇಶ ಮಾಡಿದ. ಆ ಹನ್ನೊಂದರಲ್ಲಿ ನಾನೂ ಒಬ್ಬ.

ವನುವಾಟುವಿನ ಮಲೆಕುಲಾ ದ್ವೀಪದ ದಕ್ಷಿಣಕ್ಕೆ ಲೆಂಬಾಕ್ ಎಂಬ ಪುಟ್ಟ ನಡುಗಡ್ಡೆಯಿದೆ. ಉದ್ದ ಆರುನೂರು ಮೀಟರ್, ಕುಡಿಯುವ ನೀರಿಲ್ಲ. ನಮ್ಮ ಸಭೆ ಅಲ್ಲಿಗೆ ಏಳು ಜನರನ್ನು ಸೇವೆಗೆಂದು ಮೂರು ವಾರಕ್ಕೆ ಕಳಿಸಿತು. ಬೆಳಿಗ್ಗೆ ಮಳೆನೀರಿನ ತೊಟ್ಟಿ ಕಟ್ಟುವುದು, ಸಂಜೆ ಪ್ರಾರ್ಥನೆ. ನೀರಿನ ಪರೀಕ್ಷೆ ನನ್ನ ಪಾಲಿಗೆ, ಉಪದೇಶ ಇಸಿಕೇಲಿಯ ಪಾಲಿಗೆ. ಅವನು ಹೊರಡುವ ಮೊದಲೇ ಮೂರು ವಾರದ ಪಟ್ಟಿ ತಯಾರಿಸಿದ್ದ: ಯಾವ ದಿನ, ಯಾವ ಊರು, ಎಷ್ಟು ಗಂಟೆಗೆ.

ಲೆಂಬಾಕಿನ ಸಭೆಯ ಹಿರಿಯರು ಇಸಿಕೇಲಿಯ ಜೊತೆಗೆ ಎಫ್ರಾಯಿಮ್ ಎಂಬವನನ್ನು ಬಿಟ್ಟರು. ಮೂವತ್ನಾಲ್ಕು ವರ್ಷ, ಸಣ್ಣ ಆಳು, ದೋಣಿಯವನು, ತಾಯಿ ಲೆರಿನ್‌ಳ ಒಬ್ಬನೇ ಮಗ. ಅಲ್ಲಿಯ ಪದ್ಧತಿ ಹೀಗೆ: ಬಂದ ಅತಿಥಿ ತನ್ನ ಚೀಲ ತಾನು ಹೊರಬಾರದು, ಹೊತ್ತವನು ಅತಿಥಿಯ ಹಿಂದೆ ನಡೆಯಬೇಕು. ಮೊದಲ ದಿನ ಇಸಿಕೇಲಿಗೆ ಮುಜುಗರವಾಯಿತು.

"ಕೊಡಪ್ಪ, ನಾನೇ ಹೊರ್ತೀನಿ."

"ಬೇಡ ಅಣ್ಣ. ನಿಮ್ಮ ಹೆಗಲ ಮೇಲೆ ಚೀಲ ಕಂಡ್ರೆ ನಮ್ಮಮ್ಮ ರಾತ್ರಿ ನಂಗೆ ಊಟ ಹಾಕಲ್ಲ."

"ಹಾಗಾದ್ರೆ ಪಕ್ಕದಲ್ಲಾದ್ರೂ ಬಾರಯ್ಯ."

"ಪಕ್ಕದಲ್ಲಿ ಬಂದ್ರೆ ನಿಮ್ಮ ಬೆನ್ನು ಯಾರು ನೋಡ್ಕೋತಾರೆ?"

ಮೂರನೆಯ ದಿನದ ಹೊತ್ತಿಗೆ ಇಸಿಕೇಲಿಗೆ ಅಭ್ಯಾಸವಾಗಿತ್ತು. ಚೀಲವನ್ನು ಹಿಂದೆ ನೋಡದೆಯೇ ಚಾಚುತ್ತಿದ್ದ. ಅದನ್ನು ಹಿಡಿಯಲು ಒಂದು ಕೈ ಅಲ್ಲಿ ಇದ್ದೇ ಇರುತ್ತಿತ್ತು.

ಹನ್ನೊಂದನೆಯ ದಿನ ಗುರುವಾರ. ಪಟ್ಟಿಯಲ್ಲಿ ದೊಡ್ಡ ದ್ವೀಪದ ಕಡೆಯ ಒಂದು ಊರು, ಮಧ್ಯಾಹ್ನ ಎರಡು ಗಂಟೆ ಎಂದಿತ್ತು. ದೋಣಿಯಲ್ಲಿ ನಾಲ್ಕು ಕಿಲೋಮೀಟರ್. ನಡುವೆ ಹವಳದ ಬಂಡೆಗಳ ಸಾಲು. ಆ ಸಾಲಿನಲ್ಲಿ ಮೂವತ್ತು ಮೀಟರ್ ಅಗಲದ ಒಂದು ಕಂಡಿ. ಲೆಂಬಾಕಿನ ದಡದಿಂದ ಅದು ನಾನೂರು ಮೀಟರ್. ಇಳಿತದಲ್ಲಿ ಒಳಗಿನ ನೀರೆಲ್ಲ ಆ ಕಂಡಿಯಿಂದಲೇ ಹೊರಗೆ ಓಡುತ್ತದೆ. ಆಗ ಹೊರಗಿನಿಂದ ಗಾಳಿ ಬೀಸಿದರೆ ಅಲೆಗಳು ಮುಂದೆ ಸಾಗಲಾರದೆ ಗೋಡೆಯಂತೆ ಎದ್ದು ನಿಲ್ಲುತ್ತವೆ. ಆ ಬೆಳಿಗ್ಗೆ ಆಗ್ನೇಯದ ಗಾಳಿ ಎದ್ದಿತ್ತು.

"ಮೂರು ಗಂಟೆಯೊಳಗೆ ವಾಪಸ್ ಬಂದ್ಬಿಡು ಬಾವ," ಎಂದು ನಾನು ಹೇಳಿದೆ. "ಆಮೇಲೆ ಇಳಿತ ಜೋರಾಗುತ್ತೆ."

ಎಫ್ರಾಯಿಮ್ ಕಂಡಿಯ ಕಡೆ ಬಹಳ ಹೊತ್ತು ನೋಡುತ್ತಿದ್ದ.

"ಹೋಗಬಹುದೇನಯ್ಯ?" ಇಸಿಕೇಲಿ ಕೇಳಿದ.

"ನೀವು ಹೋಗೋಣ ಅಂದ್ರೆ ಹೋಗೋಣ ಅಣ್ಣ."

"ನಿನಗೆ ಏನನ್ಸುತ್ತೆ ಹೇಳು."

"ಅಲ್ಲಿ ಜನ ಕಾಯ್ತಿರ್ತಾರೆ."

ಈ ಉತ್ತರದ ಅರ್ಥ ನಮ್ಮ ಕಡೆಯ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ನಾವೊಸಾದಲ್ಲೂ ಬೈಬಲ್ ಹಿಡಿದು ಬಂದವನಿಗೆ ಯಾರೂ 'ಆಗುವುದಿಲ್ಲ' ಎನ್ನುವುದಿಲ್ಲ. ಪಾದ್ರಿ ನಮ್ಮ ಮನೆಯ ಕೊನೆಯ ಕೋಳಿಯನ್ನು ಹೊಗಳಿದರೆ ಅದರ ಕಾಲು ಕಟ್ಟಿ ಕೊಟ್ಟು ಕಳಿಸುತ್ತೇವೆ. ಇಸಿಕೇಲಿ ಇಂಥ ಉತ್ತರಗಳನ್ನು ಕೊಟ್ಟೇ ಬೆಳೆದವನು. ಆದರೂ ಅವನು ಪಟ್ಟಿ ತೆಗೆದು ನೋಡಿದ. ಅದರಲ್ಲಿ ಗುರುವಾರ ಎಂದಿತ್ತು.

ಎಫ್ರಾಯಿಮ್ ಬೈಬಲನ್ನೂ ಪಟ್ಟಿಯನ್ನೂ ಒಂದು ಹಸಿರು ಟಾರ್ಪಾಲಿನ ಚೀಲಕ್ಕೆ ಹಾಕಿದ. ಅದು ನನ್ನ ತಂಗಿ ಹೊಲಿದು ಕೊಟ್ಟ ಚೀಲ. ಬಾಯಿಯನ್ನು ಮೂರು ಬಾರಿ ಮಡಚಿ, ಗಾಳದ ದಾರ ಬಿಗಿದು, ಹಲ್ಲಿನಲ್ಲಿ ಕಚ್ಚಿ ಎಳೆದು ಗಂಟು ಹಾಕಿದ.

"ನಾವು ನೆನೆದ್ರೂ ಪರವಾಗಿಲ್ಲ ಅಣ್ಣ, ದೇವರ ಮಾತು ನೆನೀಬಾರದು," ಎಂದು ನಕ್ಕ.

ಆ ದಿನದ ಉಪದೇಶ ಹಿಂಬಾಲಿಸುವುದರ ಬಗ್ಗೆ: ಬಲೆ ಬಿಟ್ಟು ಯೇಸುವಿನ ಹಿಂದೆ ಹೋದ ಮೀನುಗಾರರ ಕಥೆ. ಇಪ್ಪತ್ತೈದು ನಿಮಿಷದ್ದು ಐವತ್ತು ನಿಮಿಷವಾಯಿತು. ಆ ಊರಿನವರು ಹಂದಿ ಕೊಯ್ದಿದ್ದರು, ಉಣ್ಣದೆ ಏಳುವಂತಿರಲಿಲ್ಲ. ದೋಣಿ ಹೊರಟಾಗ ನಾಲ್ಕು ಇಪ್ಪತ್ತು. ದೋಣಿಯಲ್ಲಿ ಇಸಿಕೇಲಿ, ಎಫ್ರಾಯಿಮ್, ನಮ್ಮ ತಂಡದ ಹಾಡುವ ಇಬ್ಬರು ಹುಡುಗಿಯರು. ಕಂಡಿಯಲ್ಲಿ ದೋಣಿ ಮಗುಚಿತು. ಹುಡುಗಿಯರು ಮೊದಲು ಬಂಡೆ ಹಿಡಿದರು. ಅಲೆಗೆ ಬೆನ್ನು ಕೊಟ್ಟು ತಬ್ಬಿಕೊಂಡು ಕೂತರು. ಅವರು ತಿರುಗಿ ನೋಡುವಾಗ ಇಸಿಕೇಲಿ ಬಂಡೆಯ ಮೇಲಿದ್ದ. ಎಫ್ರಾಯಿಮ್ ಕಂಡಿಯ ನಡುವೆ ಹಸಿರು ಚೀಲದ ಕಡೆಗೆ ಈಜುತ್ತಿದ್ದ. ಆಮೇಲೆ ಅವನು ಕಾಣಲಿಲ್ಲ.

ಚೀಲ ಮರುದಿನ ಬೆಳಿಗ್ಗೆ ದಡಕ್ಕೆ ಬಂತು, ಲೆರಿನ್‌ಳ ಮನೆಯಿಂದ ಐವತ್ತು ಹೆಜ್ಜೆ ದೂರದಲ್ಲಿ. ಗಂಟು ಹಾಗೇ ಇತ್ತು. ಎಫ್ರಾಯಿಮ್ ಬರಲೇ ಇಲ್ಲ. ಎಂಟು ದಿನ ಹುಡುಕಿ, ಅವನ ಚಾಪೆಯನ್ನು ಹೂತು ಮೇಲೆ ಹವಳದ ಕಲ್ಲು ಜೋಡಿಸಿದರು.

ಹೊರಡುವ ಮೊದಲು ನಾವು ಲೆರಿನ್‌ಳ ಅಂಗಳದಲ್ಲಿ ತಪ್ಪೊಪ್ಪಿಗೆಗೆ ಕೂತೆವು. ನಮ್ಮಲ್ಲಿ ಅದಕ್ಕೊಂದು ಕ್ರಮವಿದೆ. ತಂಬುವ ಎಂಬ ತಿಮಿಂಗಿಲದ ಹಲ್ಲನ್ನು ನೊಂದವರ ಮುಂದೆ ಇಡಬೇಕು. ತಪ್ಪು ಮಾಡಿದವನು ತಲೆ ಬಗ್ಗಿಸಿ ಕೂರಬೇಕು, ಬಾಯಿ ತೆರೆಯಬಾರದು. ಅವನ ಪರವಾಗಿ ಬೇರೊಬ್ಬ ಮಾತಾಡಬೇಕು. ತಪ್ಪು ಮಾಡಿದವನೇ ಮಾತಾಡಿದರೆ ಅದು ದಾರ್ಷ್ಟ್ಯ. ಹಲ್ಲನ್ನು ಅವರು ಮುಟ್ಟಿದರೆ ವಿಷಯ ಹೂತುಹೋಯಿತು. ಮತ್ತೆ ಯಾರೂ ಎತ್ತುವಂತಿಲ್ಲ.

ಅಂದು ಮಾತಾಡಿದವನು ನಾನು. ಕೆಟ್ಟ ಸಮುದ್ರಕ್ಕೆ ನಿಮ್ಮ ಮಗನನ್ನು ಕರೆದುಕೊಂಡು ಹೋದೆವು, ಕ್ಷಮಿಸಿ ಎಂದು ಹನ್ನೆರಡು ನಿಮಿಷ ಮಾತಾಡಿದೆ. ಹಲವರು ಅತ್ತರು. ಲೆರಿನ್ ಅಳಲಿಲ್ಲ. ನಾನು ಮುಗಿಸಿದ ಮೇಲೂ ಅವಳು ಇಸಿಕೇಲಿಯ ಬಗ್ಗಿದ ತಲೆಯನ್ನೇ ನೋಡುತ್ತಿದ್ದಳು. ಆಮೇಲೆ ಹಲ್ಲನ್ನು ಮುಟ್ಟಿದಳು.

ನಮ್ಮ ಪಾದ್ರಿಯವರು ಒಳ್ಳೆಯ ಮನುಷ್ಯ. ಹುಡುಗಿಯರು ಕಂಡದ್ದನ್ನು ಕೇಳಿ ಅವರು ಅದನ್ನು ಉಪದೇಶದಲ್ಲಿ ಹೇಳಿದರು: ದೇವರ ಪುಸ್ತಕಕ್ಕಾಗಿ ಪ್ರಾಣ ಕೊಟ್ಟ ಎಫ್ರಾಯಿಮ್. ಕಥೆ ಊರಿಂದೂರಿಗೆ ಹೋಯಿತು. ಭಾನುವಾರದ ಶಾಲೆಯ ಮಕ್ಕಳು ಅಲೆ, ಕೈ, ಹಸಿರು ಚೀಲ ಬರೆದು ಬಣ್ಣ ತುಂಬಿದರು. ಆ ಚಿತ್ರಗಳನ್ನು ಗುಡಿಯ ಗೋಡೆಗೆ ಅಂಟಿಸಿದ ವಾರ ಇಸಿಕೇಲಿ ಪಟ್ಟಿಯಿಂದ ತನ್ನ ಹೆಸರು ತೆಗೆಸಿದ. ಹಿಂದಿನ ಸಾಲಿನಲ್ಲಿ ಕೂರತೊಡಗಿದ. ಸೇವೆಗೆ ಹೋಗಿ ಬಂದವರೆಲ್ಲ "ಶಿಷ್ಯನಾಗಿ ನಾನು ಕಲಿತದ್ದು" ಎಂದು ಒಂದು ಪುಟ ಬರೆದು ಕೊಡಬೇಕು. ಆರು ಜನ ಬರೆದುಕೊಟ್ಟೆವು. ಅವನ ಕಾಗದ ಖಾಲಿಯೇ ಉಳಿಯಿತು.

ಚೀಲವನ್ನು ಅವನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದ. ಬಿಚ್ಚಿರಲಿಲ್ಲ. ಒಳಗೆ ಬೈಬಲ್ ಹಾಗೇ ಇತ್ತು.

"ಒಂದು ಗಂಟು ಬಿಚ್ಚೋಕಾಗಲ್ವಾ ನಿಮಗೆ?" ನನ್ನ ತಂಗಿ ಒಂದು ದಿನ ಕೇಳಿದಳು. "ಇಷ್ಟುದ್ದ ದೋಣಿ ಕಟ್ತೀರಿ. ಕತ್ತರಿ ಕೊಡ್ಲಾ?"

"ಮುಟ್ಟಬೇಡ ಅದನ್ನ!"

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವನು ಅವಳ ಮೇಲೆ ಕೂಗಿದ್ದು ಅದೊಂದೇ ಬಾರಿ. ಕೂಗಿದ ಮೇಲೆ ತನ್ನ ದನಿಗೆ ತಾನೇ ಬೆಚ್ಚಿ, ಬಾಯಿಗೆ ಕೈ ಅಡ್ಡ ಹಿಡಿದು ಕೂತುಬಿಟ್ಟನಂತೆ. ಅವಳು ಅದನ್ನು ನನಗೆ ಹೇಳುವಾಗ ಹೆದರಿದ್ದಳು.

ಮೂರನೆಯ ವರ್ಷದ ಮೇ ತಿಂಗಳಲ್ಲಿ ನಾನು ಅವನ ಜೊತೆ ಗದ್ದೆಗೆ ಹೋಗುತ್ತಿದ್ದೆ. ಅವನು ದಾರಿ ಬಿಟ್ಟು ನಿಂತ. ನಾನು ಎಂದಿನಂತೆ, "ಹೋದ್ರಾ ಸಾಹೇಬ್ರು? ನಾವಿನ್ನು ನಡೀಬಹುದಾ?" ಎಂದೆ.

"ಹೋಗಲ್ಲ ಬಾವ," ಎಂದ. "ಎಷ್ಟು ಸಲ ದಾರಿ ಬಿಟ್ರೂ ಮುಂದೆ ಹೋಗಲ್ಲ. ಹಿಂದೇನೇ ಬರ್ತಾನೆ."

ನನಗೆ ನಗು ಬರಲಿಲ್ಲ.

"ನಾನು ಕೂಗಿದೆ ಬಾವ," ಎಂದ ಇಸಿಕೇಲಿ.

"ಏನಂತ?"

"ನನ್ನ ಚೀಲ ಅಂತ."

ಅಲ್ಲೇ ಹುಲ್ಲಿನಲ್ಲಿ ಕೂತು ಪೂರ್ತಿ ಹೇಳಿದ. ಎಫ್ರಾಯಿಮ್ ಅವನನ್ನು ಎಳೆದು ತಂದು ಬಂಡೆಯ ಮೇಲೆ ಹತ್ತಿಸಿದ್ದ. ತಾನೂ ಒಂದು ಕೈಯಲ್ಲಿ ಬಂಡೆ ಹಿಡಿದಿದ್ದ. ಇನ್ನೊಂದು ಕ್ಷಣದಲ್ಲಿ ಮೇಲೆ ಬರುತ್ತಿದ್ದ. ಆಗ ಇಸಿಕೇಲಿಗೆ ಹತ್ತು ಹನ್ನೆರಡು ಮೀಟರ್ ಆಚೆ ಚೀಲ ತೇಲುವುದು ಕಂಡಿತು.

"ಯೋಚನೆ ಮಾಡಿ ಕೂಗಿದ್ದಲ್ಲ ಬಾವ. ಬಾಯಿಗೆ ಬಂದ್ಬಿಡ್ತು. ಅವನು ಒಂದ್ಸಲ ನನ್ನ ಮುಖ ನೋಡ್ದ. 'ಸರಿ ಅಣ್ಣ' ಅಂದ. ಕೈ ಬಿಟ್ಟ."

"ಅಂದು ಅಂಗಳದಲ್ಲಿ ಯಾಕೆ ಹೇಳ್ಲಿಲ್ಲ?"

"ನೀನು ಮಾತಾಡ್ತಿದ್ದೆ," ಎಂದ. "ಚೆನ್ನಾಗಿ ಮಾತಾಡ್ತಿದ್ದೆ," ಎಂದೂ ಸೇರಿಸಿದ.

ನಾನು ಕ್ಷಮೆ ಕೇಳಿದ್ದು ಬೇರೊಂದು ತಪ್ಪಿಗೆ. ಲೆರಿನ್ ಹಲ್ಲು ಮುಟ್ಟಿದ್ದೂ ಅದಕ್ಕೇ. ಆಗಿದ್ದ ತಪ್ಪು ಹೂತುಹೋಗದೆ ಇಸಿಕೇಲಿಯ ಬೆನ್ನ ಹಿಂದೆ ನಡೆಯುತ್ತಿತ್ತು. ಅವನಿಗೆ ಈಗ ಬೇಕಾದದ್ದು ಒಂದೇ: ಆ ತಾಯಿ ಬದುಕಿರುವಾಗಲೇ, ಅವಳ ಮುಂದೆ, ತನ್ನ ಬಾಯಿಂದ ಅದನ್ನು ಹೇಳಿ ಕ್ಷಮೆ ಕೇಳುವುದು. ಊರಿನ ಹಿರಿಯರು ಬೇಡವೆಂದರು. ಹೂತದ್ದನ್ನು ಅಗೆಯುವುದು ಇಬ್ಬರಿಗೂ ಅವಮಾನ ಎಂದರು. ಆದರೂ ಜುಲೈಯಲ್ಲಿ ನಾವಿಬ್ಬರೇ ಹೊರಟೆವು. ಅವನ ಕೈಯಲ್ಲಿ ಇನ್ನೊಂದು ತಂಬುವ, ಹೆಗಲ ಮೇಲೆ ಹಸಿರು ಚೀಲ.

ಲೆಂಬಾಕಿನಲ್ಲಿ ದೋಣಿಯಿಂದ ಇಳಿದಾಗ ಒಬ್ಬ ಚೀಲ ತೆಗೆದುಕೊಳ್ಳಲು ಕೈ ಚಾಚಿದ. ಇಸಿಕೇಲಿ ಕೊಡಲಿಲ್ಲ.

ಲೆರಿನ್‌ಗೆ ಎಪ್ಪತ್ತು ದಾಟಿತ್ತು. ಒಬ್ಬಳೇ ಇದ್ದಳು. ಮನೆಯ ಗರಿಯ ಮಾಡು ಒಂದು ಕಡೆ ಕುಸಿದು ಆಕಾಶ ಕಾಣುತ್ತಿತ್ತು. ಅಂಗಳದಲ್ಲಿ ಕೂತು ಮುಳ್ಳಿನ ಕೊಂಬೆಯ ಮೇಲೆ ಗೆಡ್ಡೆ ತುರಿಯುತ್ತಿದ್ದಳು.

"ಬಂದ್ಯಾ?" ಎಂದಳು, ತಲೆ ಎತ್ತದೆ. "ನಾನು ಸತ್ತ ಮೇಲೆ ಬರ್ತೀಯೇನೋ ಅಂದ್ಕೊಂಡಿದ್ದೆ."

ಇಸಿಕೇಲಿ ತಂಬುವವನ್ನು ಅವಳ ಮುಂದೆ ಇಟ್ಟು ಕೂತ. ನಾನು ಅಭ್ಯಾಸಬಲದಿಂದ ಗಂಟಲು ಸರಿಮಾಡಿಕೊಂಡೆ. ಅವನು ನನ್ನ ಮೊಣಕಾಲಿನ ಮೇಲೆ ಕೈಯಿಟ್ಟ.

"ಬಾವ, ಸುಮ್ಮನಿರು."

ಅವನೇ ಹೇಳಿದ. ಒಂದು ನಿಮಿಷವೂ ಹಿಡಿಯಲಿಲ್ಲ. "ಅಮ್ಮ, ನಿಮ್ಮ ಮಗ ಬಂಡೆ ಹಿಡಿದಿದ್ದ. ಬದುಕಿದ್ದ. ನಾನು ಚೀಲಕ್ಕೋಸ್ಕರ ಕೂಗಿದೆ. ಅದಕ್ಕೇ ತಿರುಗಿ ಹೋದ. ಅವನಾಗೇ ಹೋಗಿದ್ದಲ್ಲ."

ತುರಿಯುವ ಸದ್ದು ನಿಂತಿತು.

"ಏನೋ ಇದೆ ಅಂತ ನಂಗೊತ್ತಿತ್ತು," ಎಂದಳು. "ಎಲ್ಲರೂ ಬಂದು ಹೇಳಿದ್ರು, ನಿನ್ನ ಮಗ ಪುಸ್ತಕಕ್ಕೆ ಪ್ರಾಣ ಕೊಟ್ಟ, ನೀನು ಪುಣ್ಯವಂತೆ ಅಂತ. ಅವನಿಗೆ ಓದೋಕೇ ಬರ್ತಿರಲಿಲ್ಲ. ಓದೋಕೆ ಬರದೋನು ಆ ನೀರಿಗೆ ಪುಸ್ತಕಕ್ಕೆ ಅಂತ ಹೋಗ್ತಾನಾ? ಯಾರೋ ಕರೆದಿರಬೇಕು ಅಂದ್ಕೊಂಡೆ. ನೀನು ಅವತ್ತು ತಲೆ ಎತ್ತಲೇ ಇಲ್ಲ."

ಅವಳು ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡಳು.

"ಬಾ. ಹ್ಯಾಗೆ ಕೂಗಿದೆ ತೋರಿಸು."

ದಡಕ್ಕೆ ಹೋದೆವು. ಮಧ್ಯಾಹ್ನದ ಮೂರೂವರೆ, ಇಳಿತ ಶುರುವಾಗಿತ್ತು. ಕಂಡಿಯಲ್ಲಿ ಬಿಳಿ ನೊರೆ ಏಳುತ್ತಿತ್ತು. ಇಸಿಕೇಲಿ ನೀರಿನ ಅಂಚಿನಲ್ಲಿ ನಿಂತ.

"ನನ್ನ ಚೀಲ," ಎಂದ.

"ಹೀಗಲ್ಲ. ಇಷ್ಟು ಮೆಲ್ಲಗಾಗಿದ್ರೆ ಅವನಿಗೆ ಕೇಳಿಸ್ತಿರಲಿಲ್ಲ. ಮನೆಗೆ ಬರ್ತಿದ್ದ."

ಎರಡನೆಯ ಬಾರಿ ಅವನ ದನಿ ನಡುವೆ ಮುರಿಯಿತು. ಅವಳು ತಲೆಯಾಡಿಸಿದಳು, ಸಾಲದು ಎಂಬಂತೆ. ಮೂರನೆಯ ಬಾರಿ ಅವನು ಕಣ್ಣು ಮುಚ್ಚಿ, ಎರಡೂ ಕೈ ಮುಂದೆ ಚಾಚಿ ಕೂಗಿದ. ಆ ಕೂಗು ನೀರಿನ ಮೇಲೆ ಓಡಿ ಬಂಡೆಗಳ ತನಕ ಹೋಯಿತು. ಬಂಡೆಯ ಮೇಲಿದ್ದ ಹಕ್ಕಿಗಳು ಎದ್ದವು. ದೋಣಿಗಳ ಹತ್ತಿರ ಬಲೆ ಹೊಲಿಯುತ್ತಿದ್ದ ಇಬ್ಬರು ಎದ್ದು ನಿಂತರು. ಮಗನ ಕಿವಿಗೆ ಬಿದ್ದ ಕೊನೆಯ ಮಾತನ್ನು ಲೆರಿನ್ ಕತ್ತು ಸ್ವಲ್ಪ ಓರೆ ಮಾಡಿ ಕೇಳಿಸಿಕೊಂಡಳು. ಹಕ್ಕಿಗಳು ಮತ್ತೆ ಬಂದು ಕೂರುವ ತನಕ ಹಾಗೆಯೇ ನಿಂತಿದ್ದಳು.

"ಅವನೇನಂದ?"

"ಸರಿ ಅಣ್ಣ ಅಂದ."

"ಹೂಂ. ನಂಗೂ ಹಾಗೇ ಅಂತಿದ್ದ. ನೀರು ತಾ ಅಂದ್ರೆ, ಸರಿ ಅಮ್ಮ. ಸುಮ್ನೆ ಕೂತ್ಕೋ ಅಂದ್ರೂ, ಸರಿ ಅಮ್ಮ."

ಮರಳಿ ಅಂಗಳಕ್ಕೆ ಬಂದು ಅವಳು ಚೀಲ ಕೇಳಿ ತೆಗೆದುಕೊಂಡಳು. ಗಂಟಿನ ಮೇಲೆ ಹೆಬ್ಬೆರಳು ಆಡಿಸಿದಳು. ಗಾಳದ ದಾರದಲ್ಲಿ ಹಲ್ಲಿನ ಗುರುತು ಇನ್ನೂ ಇತ್ತು. ಗೆಡ್ಡೆ ಸುಲಿಯುವ ಚಾಕುವಿನಿಂದ ಚೀಲದ ಪಕ್ಕವನ್ನು ಉದ್ದಕ್ಕೆ ಸೀಳಿ, ಒಳಗಿದ್ದ ಬೈಬಲನ್ನು ತೆಗೆದು ಇಸಿಕೇಲಿಗೆ ಕೊಟ್ಟಳು. ಒಂದು ಹಾಳೆಯೂ ನೆನೆದಿರಲಿಲ್ಲ. ಪಟ್ಟಿ ಅದರೊಳಗೇ ಮಡಚಿಕೊಂಡಿತ್ತು.

"ಪುಸ್ತಕ ನಿಂದು. ಗಂಟು ನಂದು," ಎಂದಳು.

ಗಂಟು ಇದ್ದ ಭಾಗವನ್ನು ಕೊಯ್ದು, ಸೆರಗಿನಂತೆ ಹೊದ್ದ ಬಟ್ಟೆಯ ಒಳಗೆ ಸೇರಿಸಿಕೊಂಡಳು. ತಂಬುವವನ್ನು ಮುಟ್ಟದೆ ಕಾಲಿನಿಂದ ಈಚೆಗೆ ಸರಿಸಿದಳು. "ಇದನ್ನ ತಗೊಂಡು ಹೋಗು. ಒಂದು ಹಲ್ಲು ಆಗ್ಲೇ ಇದೆ ಮನೇಲಿ. ಮೂರು ವರ್ಷದಿಂದ ನೋಡ್ತಿದೀನಿ, ಅದೇನೂ ಮಾತಾಡಲ್ಲ."

ಇಸಿಕೇಲಿ ಅವಳ ಕಡೆಗೆ ಬಗ್ಗಿದ. "ಅಮ್ಮ, ನನ್ನನ್ನ..."

"ಕೇಳಬೇಡ," ಎಂದಳು ಲೆರಿನ್, ಗಟ್ಟಿಯಾಗಿ. "ನೀನು ಕೇಳಿದ್ರೆ ನಾನು ಹೂಂ ಅನ್ಬೇಕಾಗುತ್ತೆ. ಮನೆಗೆ ಬಂದೋರಿಗೆ ನಾವು ಇಲ್ಲ ಅನ್ನಲ್ಲ. ಅವನೂ ಅನ್ನಲಿಲ್ಲ. ಇದೊಂದನ್ನ ಕೇಳಬೇಡ."

ಅವನು ಕೇಳಲಿಲ್ಲ. ಸಾವಿರ ಕಿಲೋಮೀಟರ್ ದಾಟಿ ಅದಕ್ಕಾಗಿಯೇ ಬಂದಿದ್ದ, ಬಾಯಿ ಮುಚ್ಚಿಕೊಂಡ. ಕೊನೆಗೆ ಅವಳು ತೋಟಕ್ಕೆ ಹೋಗಬೇಕು ಎಂದು ಬುಟ್ಟಿ ಎತ್ತಿದಳು. ಇಸಿಕೇಲಿ ಎದ್ದು ಕೈ ಚಾಚಿದ. ಅವಳು ಒಂದು ಕ್ಷಣ ಅವನನ್ನು ನೋಡಿ, ಬುಟ್ಟಿ ಕೊಟ್ಟು, ಮುಂದೆ ನಡೆದಳು. ಅವನು ಬುಟ್ಟಿ ಹೊತ್ತು ಅವಳ ಹಿಂದೆ ನಡೆದ.

ಶಾಲೆ ಶುರುವಾಗುತ್ತದೆಂದು ನಾನು ವಾಪಸಾದೆ. ಅವನು ನಾಲ್ಕು ತಿಂಗಳು ಅಲ್ಲೇ ಇದ್ದು ಅವಳ ಮಾಡು ಹೊದಿಸಿದ, ಹೊಸ ತೊಲೆ ಹಾಕಿದ. ಉಪದೇಶ ಮಾಡಲು ಅಲ್ಲಿಯ ಹಿರಿಯರು ಎರಡು ಬಾರಿ ಕರೆದರಂತೆ. ಹೋಗಿ ಹಿಂದಿನ ಸಾಲಿನಲ್ಲಿ ಕೂತನಂತೆ. ಕ್ಷಮೆಯ ಮಾತನ್ನು ಅವಳು ಆಡಲಿಲ್ಲ. ಅವನು ಹೊರಡುವ ದಿನ, "ಮುಂದಿನ ವರ್ಷ ಗೆಡ್ಡೆ ಅಗೆಯೋ ಹೊತ್ತಿಗೆ ಕೈ ಬೇಕಾಗುತ್ತೆ," ಎಂದಷ್ಟೇ ಅಂದಳಂತೆ. ಅದು ಕರೆಯೋ ಬರೀ ಮಾತೋ ಅವನಿಗೆ ತಿಳಿಯಲಿಲ್ಲ. ಮರುವರ್ಷ ಹೋದ.

ಆ ನಾಲ್ಕು ತಿಂಗಳು ಮುಗಿಸಿ ನಾವೊಸಾಕ್ಕೆ ಬಂದ ಮೊದಲ ಭಾನುವಾರ ಅವನು ಪಾದ್ರಿಯವರ ಅನುಮತಿ ಪಡೆದು ಎದ್ದು ನಿಂತು, ಲೆರಿನ್‌ಗೆ ಹೇಳಿದ್ದನ್ನೇ ಸಭೆಗೂ ಹೇಳಿದ. ಅದೇ ಮಾತುಗಳು, ಒಂದು ನಿಮಿಷ. ಪಾದ್ರಿಯವರು ಆ ವಾರ ಮಕ್ಕಳ ಚಿತ್ರಗಳನ್ನು ಗೋಡೆಯಿಂದ ತಾವೇ ಬಿಡಿಸಿದರು. ಅವನು ಖಾಲಿ ಬಿಟ್ಟಿದ್ದ ಕಾಗದವನ್ನೂ ತುಂಬಿಸಿ ಕೊಟ್ಟ. ಸಭೆಯ ಕಡತದಲ್ಲಿ ಅದನ್ನು ನಾನು ನೋಡಿದ್ದೇನೆ. "ಶಿಷ್ಯನಾಗಿ ನಾನು ಕಲಿತದ್ದು" ಎಂಬುದರ ಕೆಳಗೆ ಒಂದೇ ಸಾಲು: ಏನನ್ನಾದರೂ ಕೇಳುವ ಮೊದಲು, ಎದುರಿನವರಿಗೆ ಇಲ್ಲ ಎನ್ನಲು ಆಗುತ್ತದೆಯೇ ಎಂದು ನೋಡಬೇಕು.

ಗದ್ದೆಯ ದಾರಿಯಲ್ಲಿ ಅವನು ಈಗಲೂ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ. ಆದರೆ ಈಗ ಹೆಚ್ಚು ಹೊತ್ತು ನಿಲ್ಲುತ್ತಾನೆ. ನಾನು ಎಣಿಸಿದ್ದೇನೆ: ಯಾರೋ ಅವನನ್ನು ದಾಟಿ ಆರೇಳು ಹೆಜ್ಜೆ ಮುಂದೆ ಹೋಗುವಷ್ಟು ಹೊತ್ತು. ಆಮೇಲೆ ಕಣ್ಣನ್ನು ದಾರಿಯ ಮೇಲಿಟ್ಟು, ಮುಂದಿನವರ ಹಿಮ್ಮಡಿ ತುಳಿಯದಂತೆ ಅಳೆದು ಹೆಜ್ಜೆ ಇಡುತ್ತಾ, ಅವರ ಹಿಂದೆ ನಡೆಯುತ್ತಾನೆ. ಅವನ ಹಿಂದೆ ನಾನಿರುತ್ತೇನೆ.